‘ಸರಿಯಾಗಿ ಮಾಡ್ರಿ’ ಅಂದರೆ ಸಾಲದು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಲ್ಲಾ ಕೇಳುಗರಿಗೆ ಶರಣು. ಈಗಷ್ಟೇ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿರುವವರು, ಗಂಜ್ ಕಡೆ ಹೊರಟವರು, ನಾಲ್ಕು ಜನ ಸೇರಿ ರೊಟ್ಟಿ ಕೇಂದ್ರ ಶುರು ಮಾಡಿರುವ ಅಕ್ಕಂದಿರು, ನಿಮ್ಮನ್ನೇ ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ನಾನು ದಾಲ್ ಮಿಲ್ ನಡೆಸುತ್ತೇನೆ. ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ನನಗೆ ತಿಳಿದದ್ದನ್ನು ಹೇಳಿಕೊಡುತ್ತೇನೆ. ಇವತ್ತು ಒಂದೇ ಮಾತು ಹೇಳುತ್ತೇನೆ. ನಿಮ್ಮ ಕೈಕೆಳಗೆ ಇಬ್ಬರಿರಲಿ, ಇನ್ನೂರು ಮಂದಿ ಇರಲಿ, ನಿಮಗೆ ಏನು ಬೇಕು, ಏನು ಬೇಡವೇ ಬೇಡ ಅನ್ನುವುದನ್ನು ಮೊದಲೇ ಹೇಳಿ. ಬಿಡಿಸಿ ಹೇಳಿ.

‘ಹೇಳಿದ್ದೇವಲ್ಲ’ ಅಂತೀರಿ. ಏನು ಹೇಳಿದ್ದೀರಿ? ಗೋಡೆ ಮೇಲೆ ಬೋರ್ಡು ಹಾಕಿರುತ್ತೀರಿ. ಪ್ರಾಮಾಣಿಕತೆ, ಗುಣಮಟ್ಟ, ಗ್ರಾಹಕರೇ ದೇವರು. ಒಳ್ಳೆಯ ಮಾತುಗಳೇ, ಬೇಡ ಅನ್ನುವುದಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಬಂದ ಹುಡುಗ ಆ ಬೋರ್ಡು ನೋಡಿಕೊಂಡು ಇವತ್ತು ಏನು ಮಾಡಬೇಕು, ಹೇಳಿ? ಅವನಿಗೆ ಗೊತ್ತಾಗುವುದಿಲ್ಲ. ಅವನ ತಪ್ಪಲ್ಲ ಅದು.

ನನ್ನ ಮಿಲ್ಲಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಕೇಳಿ. ತೊಗರಿ ರಾಶಿ ಆಗುವ ಕಾಲ. ಡಿಸೆಂಬರ್, ಜನವರಿ ಬಂತೆಂದರೆ ನಮ್ಮ ಊರಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ ಅಲ್ವಾ. ಒಂದು ಲಾರಿ ಬೇಳೆ, 300 ಚೀಲ, ತಮಿಳುನಾಡಿನ ಕಡೆಗೆ ಕಳಿಸಿದ್ದೆ. ಆರನೇ ದಿನ ಲಾರಿ ವಾಪಸ್ ಬಂತು. ಒಂದು ಚೀಲದ ಹೊಲಿಗೆ ಬಿಚ್ಚಿ ಮೊಣಕೈವರೆಗೂ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಕೈ ತೆಗೆದು ಮೂಸಿದರೆ ಮುಗ್ಗಲು ವಾಸನೆ. ಬೇಳೆ ಒಡೆಯುವ ಮುಂಚೆ ಕಾಳಿಗೆ ನೀರು ಹಚ್ಚುತ್ತೇವೆ, ಆಮೇಲೆ ಬಿಸಿಲಿಗೆ ಹರವುತ್ತೇವೆ. ಆ ಒಣಗಿಸುವ ಕೆಲಸ ಅರೆಬರೆ ಆದರೆ ಬೇಳೆ ಮೇಲಕ್ಕೆ ಬಂಗಾರದ ಹಾಗೆ ಕಾಣುತ್ತದೆ, ಚೀಲದೊಳಗೆ ಬೆವರುತ್ತದೆ. ಹಾಗೇ ಆಗಿತ್ತು.

ಸಿಟ್ಟು ಬಂತು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದೆ. ‘ದಿನಾ ಬಾಯಿ ಬಡಕೊಳ್ಳುತ್ತೇನೆ, ಕೆಲಸ ಸರಿಯಾಗಿ ಮಾಡ್ರಿ ಅಂತ’ ಅಂದೆ. ಮೆಷಿನ್ ಮಿಸ್ತ್ರಿ ಹೇಳಿದ, ‘ಸರಿಯಾಗಿ ಮಾಡೀನ್ರಿ, ಈ ಸಲ ನುಚ್ಚು ಎಷ್ಟು ಕಮ್ಮಿ ಆಗ್ಯಾದ ನೋಡ್ರಿ.’ ನಿಜ, ಕಮ್ಮಿ ಆಗಿತ್ತು. ಮುನೀಮ ಹೇಳಿದ, ‘ಲಾರಿ ಹೇಳಿದ ಟೈಮಿಗೆ ಬಿಟ್ಟೀನ್ರಿ.’ ಅದೂ ನಿಜ. ಅಂಗಳದಲ್ಲಿ ಕಾಳು ಹರವುವ ಒಬ್ಬ ಹಿರಿಯಳಿದ್ದಳು, ಅವಳನ್ನು ನಾವೆಲ್ಲ ಆಯಿ ಅಂತಲೇ ಕರೆಯುತ್ತಿದ್ದೆವು. ಅವಳು ಮುಂದೆ ಬಂದು ನಿಂತಳು. ‘ಸಾವ್ಕಾರ್ರೇ, ಹೊತ್ತು ಮುಳುಗೂದ್ರಾಗ ಎಲ್ಲಾ ಎತ್ರಿ ಅಂದಿದ್ರಿ. ಎತ್ತೀವಿ. ಒಣಗಿದ ಮ್ಯಾಲೇ ಎತ್ರಿ ಅಂತ ನೀವು ಅಂದಿಲ್ರಿ’ ಅಂದಳು.

ನಾನು ಸುಮ್ನೆ ನಿಂತೆ. ಯಾರೂ ಕದ್ದಿರಲಿಲ್ಲ, ಯಾರೂ ಮೈಗಳ್ಳತನ ಮಾಡಿರಲಿಲ್ಲ. ಒಬ್ಬೊಬ್ಬರೂ ತಮಗೆ ತಿಳಿದ ಹಾಗೆ ಸರಿಯಾಗಿಯೇ ಮಾಡಿದ್ದರು. ಆ ‘ಸರಿ’ ಅಂದರೆ ಏನು ಅಂತ ಹೇಳಬೇಕಾಗಿದ್ದವನು ನಾನು, ಹೇಳಿರಲಿಲ್ಲ.

ಆಯಿಗೇ ಕೇಳಿದೆ, ‘ಒಣಗಿದ್ದು ಹೆಂಗ ಗೊತ್ತಾಗ್ತದ?’ ಅವಳು ರಾಶಿಯಿಂದ ಒಂದು ಕಾಳು ತೆಗೆದು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಮೆತ್ತಗೆ ಅದುಮಿತು. ಬಿಸಿಲಲ್ಲೇ ಎರಡು ದಿನದಿಂದ ಇದ್ದ ಇನ್ನೊಂದು ಕಾಳು ತಂದು ಕಚ್ಚಿದಳು. ಕಟಕ್ ಅಂತು, ಐದು ಮಾರು ದೂರ ನಿಂತಿದ್ದ ಹಮಾಲನಿಗೂ ಕೇಳಿಸಿತು. ಅವತ್ತೇ ನಮ್ಮ ಮಿಲ್ಲಿನ ನಿಯಮ ಬರೆದೆವು. ಹಲ್ಲಿಗೆ ಕಟಕ್ ಅನ್ನದ ಕಾಳು ಅಂಗಳದಿಂದ ಎದ್ದೇಳಬಾರದು. ಆಮೇಲೆ ತೇವ ಅಳೆಯುವ ಮೀಟರ್ ತಂದೆವು, ಆದರೆ ಇವತ್ತಿಗೂ ಹೊಸಬರಿಗೆ ಮೊದಲು ಕಲಿಸುವುದು ಆ ಕಟಕ್ಕೇ.

ನೋಡಿ, ಸರಕಾರದ ತೊಗರಿ ಖರೀದಿ ಕೇಂದ್ರದಲ್ಲಿ ತೇವ ನೂರಕ್ಕೆ 12 ಮೀರಬಾರದು ಅಂತ ಅಂಕಿ ಇದೆ. ಮೀಟರ್ ಇಟ್ಟು ನೋಡುತ್ತಾರೆ, ಮುಗಿಯಿತು. ‘ಚೆನ್ನಾಗಿ ಒಣಗಿದ ತೊಗರಿ ತನ್ನಿ’ ಅಂತಷ್ಟೇ ಅಂದಿದ್ದರೆ ದಿನಾ ಜಗಳ ಆಗುತ್ತಿತ್ತು. ನೀವೂ ಅಂಕಿ ಕೊಡಿ, ಅಂಕಿ ಇಲ್ಲದ ಕಡೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತು ಕೊಡಿ. ‘ರೊಟ್ಟಿ ತೆಳ್ಳಗೆ ಮಾಡ್ರಿ’ ಅನ್ನಬೇಡಿ ಅಕ್ಕಾ, ಒಂದು ರೊಟ್ಟಿ ಬಡಿದು ತೋರಿಸಿ, ‘ಇಷ್ಟು’ ಅನ್ನಿ.

ಇನ್ನು ಬೇಡವೇ ಬೇಡ ಅನ್ನುವ ಕಡೆ ಬರುತ್ತೇನೆ. ಇದನ್ನು ಹೇಳಲು ನಮ್ಮ ಮಂದಿ ನಾಚಿಕೊಳ್ಳುತ್ತಾರೆ, ಯಾಕೋ ಗೊತ್ತಿಲ್ಲ. ತೊಗರಿಬೇಳೆಗೆ ಕೇಸರಿ ಬೇಳೆ ಬೆರೆಸುವವರಿದ್ದಾರೆ, ಮೆಟಾನಿಲ್ ಹಳದಿ ಹಾಕುವವರಿದ್ದಾರೆ. ಆ ಬಣ್ಣವನ್ನು ತಿನ್ನುವ ಪದಾರ್ಥಕ್ಕೆ ಹಾಕುವ ಹಾಗೇ ಇಲ್ಲ. ನನ್ನ ಮಿಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತೇನೆ, ನಷ್ಟ ಆದರೂ ಇಲ್ಲಿ ಬೆರಕೆ ಇಲ್ಲ, ನಾನೇ ಬಂದು ಬೆರೆಸು ಅಂದರೂ ಬೆರೆಸಬೇಡ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಮಾಲು ಅನ್ನುವ ಸರಕಾರದ ಗುರುತು, ಬಂತು. ಈಗ ಚೀಲದ ಮೇಲೆ ಇಡೀ ಸೀಮೆಯ ಹೆಸರು ಇರುತ್ತದೆ. ಒಬ್ಬ ಬೆರಕೆ ಮಾಡಿದರೆ ಸೇಡಂ ರೈತನ ಹೆಸರೂ ಕೆಡುತ್ತದೆ, ಆಳಂದ ರೈತನದೂ ಕೆಡುತ್ತದೆ. ನನಗೆ ಇದು ಸಣ್ಣ ಮಾತಲ್ಲ.

ಹೇಳಿದ ಮೇಲೆ ನೀವೇ ಪಾಲಿಸಬೇಕು. ಒಮ್ಮೆ ಮೋಡ ಹಾಕಿತ್ತು, ಕಾಳು ಒಣಗಿರಲಿಲ್ಲ, ಲಾರಿ ಗೇಟಿನಲ್ಲಿ ನಿಂತಿತ್ತು, ವ್ಯಾಪಾರಿ ಫೋನ್ ಮೇಲೆ ಫೋನ್. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆಯಿ ಒಂದು ಕಾಳು ಕಚ್ಚಿ ತಲೆ ಅಲ್ಲಾಡಿಸಿದಳು. ಲಾರಿಗೆ ಎರಡು ದಿನದ ಹಾಲ್ಟಿಂಗ್ ಚಾರ್ಜ್ ಕೊಟ್ಟೆ. ಅವತ್ತು ಬಿಟ್ಟುಬಿಟ್ಟಿದ್ದರೆ ಗೋಡೆ ಮೇಲಿನ ನಿಯಮ ಅವತ್ತೇ ಅಳಿಸಿ ಹೋಗುತ್ತಿತ್ತು. ಜಪಾನಿನ ಟೊಯೋಟಾದವರು ತಮ್ಮ ಕಾರ್ಖಾನೆಯಲ್ಲಿ ಒಂದು ಹಗ್ಗ ಇಟ್ಟರು, ತಪ್ಪು ಕಂಡ ಯಾವ ಕೆಲಸಗಾರನೂ ಅದನ್ನು ಎಳೆದು ಕೂಗಬಹುದು, ಅದು ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ನಮ್ಮಲ್ಲಿ ಆ ಹಗ್ಗ ಆಯಿಯ ಕೈಲಿತ್ತು.

ಇನ್ನೂ ಎರಡು ಮಾತಿತ್ತು, ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಳಿಯನಿಗೆ ಒಂದು ನಿಯಮ, ಆಳಿಗೆ ಒಂದು ನಿಯಮ ಬೇಡ. ನಮ್ಮ ಕಲ್ಯಾಣದಲ್ಲೇ, ಆಯ್ದಕ್ಕಿ ಮಾರಯ್ಯ ದಿನಕ್ಕೆ ಬೇಕಾದಷ್ಟಕ್ಕಿಂತ ಜಾಸ್ತಿ ಅಕ್ಕಿ ತಂದಾಗ ಲಕ್ಕಮ್ಮ ಗಂಡ ಅಂತ ಸುಮ್ಮನಿರಲಿಲ್ಲ, ವಾಪಸ್ ಸುರಿದು ಬಾ ಅಂದಳು. ಅಳತೆ ಇಬ್ಬರಿಗೂ ಗೊತ್ತಿತ್ತು, ಅದಕ್ಕೇ ಕೇಳಲು ಆಯಿತು. ಎರಡನೆಯದು, ಹಬ್ಬಕ್ಕೊಮ್ಮೆ ಹೇಳಿ ಮರೆಯಬೇಡಿ, ಹೊಸಬರು ಬಂದಾಗಲೆಲ್ಲ ಮತ್ತೆ ಹೇಳಿ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಎಲ್ಲರಿಗಿಂತ ಹೊಸಬರಾದ ಕೆಲಸಗಾರರನ್ನು ಕರೆದು ಪಕ್ಕ ಕೂರಿಸಿಕೊಳ್ಳಿ, ಚಹಾ ಕೊಡಿ. ‘ಇಲ್ಲಿ ಸರಿಯಾದ ಕೆಲಸ ಅಂದರೆ ಯಾವುದು?’ ಅಂತ ಕೇಳಿ. ನಡುವೆ ಬಾಯಿ ಹಾಕದೆ ಪೂರಾ ಕೇಳಿಸಿಕೊಳ್ಳಿ. ಶರಣು ಶರಣಾರ್ಥಿ.