ಹತ್ತು ತೊಲದ ಬಿಸ್ಕತ್ತು

ಕೇಳುಗರಿಗೆ ನಮಸ್ಕಾರ.

‘ಚಿನ್ನದ ಬಿಸ್ಕತ್ತು ವಶ’ ಎಂಬ ಸುದ್ದಿ ನಮ್ಮ ಕಿವಿಗೆ ಹೊಸತಲ್ಲ. ಹಳೆಯ ಕಾಲದ ಆ ಬಿಸ್ಕತ್ತಿನ ತೂಕ ಹತ್ತು ತೊಲ, ಗ್ರಾಂ ಲೆಕ್ಕದಲ್ಲಿ 116.64. ಮುಷ್ಟಿಯೊಳಗೆ ಅಡಗುವ, ಅಂಚು ನುಣುಪಾದ ತುಂಡು. ತೊಲ ನಮ್ಮ ಕಡೆಯ ಅಳತೆ. ಆ ಅಳತೆಗೆ ಎರಕ ಹೊಯ್ದು ಕಳಿಸುತ್ತಿದ್ದವರಲ್ಲಿ ಸ್ವಿಟ್ಜರ್ಲೆಂಡಿನವರೂ ಇದ್ದರು. ಗಿರಾಕಿಯ ತೊಲವನ್ನು ಕಲಿತುಕೊಂಡ ಆ ವ್ಯಾಪಾರಿ ಬುದ್ಧಿಯ ಬಗ್ಗೆ ಇಂದಿನ ಮಾತು.

ಆ ದೇಶದಲ್ಲಿ ಹೇಳಿಕೊಳ್ಳುವಂಥ ಚಿನ್ನದ ಗಣಿ ಒಂದೂ ಇಲ್ಲ, ಇರುವುದು ಕುಲುಮೆಗಳು. ದಕ್ಷಿಣದ ಟಿಚಿನೊ ಪ್ರಾಂತ್ಯದಲ್ಲಿ, ಇಟಲಿಯ ಗಡಿಗೆ ಕೂಗಳತೆಯಲ್ಲಿ, ಮೂರು ದೊಡ್ಡ ಶುದ್ಧೀಕರಣ ಘಟಕಗಳಿವೆ. ಅವುಗಳಲ್ಲಿ ಬಾಲೆರ್ನಾ ಊರಿನ ವಾಲ್‌ಕಾಂಬಿಯನ್ನು 2015ರಲ್ಲಿ ಕೊಂಡದ್ದು ನಮ್ಮ ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್. ಗಣಿಯ ಒರಟು ಚಿನ್ನ, ಮುರಿದ ಒಡವೆ, ಲಂಡನ್ನಿನ ಹನ್ನೆರಡೂವರೆ ಕಿಲೋ ಗಟ್ಟಿ ಎಲ್ಲವೂ ಅಲ್ಲಿ ಕರಗಿ, ಕೊಳ್ಳುವ ಪೇಟೆಗೆ ಒಗ್ಗುವ ಅಳತೆಯಲ್ಲಿ ಹೊರಬರುತ್ತವೆ. ಚಿನ್ನ ಯಾರದೋ, ಅಕ್ಕಸಾಲಿಗನಿಗೆ ಉಳಿಯುವಂತೆ ಸ್ವಿಸ್ಸರಿಗೆ ಉಳಿಯುವುದು ಮಜೂರಿ. ಹಾಗಾಗಿಯೇ ಅಲ್ಲಿನ ಸರಕಾರ ವಿದೇಶಿ ವ್ಯಾಪಾರಕ್ಕೆ ಎರಡು ಮೊತ್ತ ಬರೆಯುತ್ತದೆ: ಚಿನ್ನ ಸೇರಿಸಿ ಒಂದು, ಬಿಟ್ಟು ಇನ್ನೊಂದು.

ಬಿಟ್ಟರೂ 2024ರ ರಫ್ತು ಸುಮಾರು 283 ಶತಕೋಟಿ ಫ್ರಾಂಕ್. ಜನಸಂಖ್ಯೆ ಬರೀ ತೊಂಬತ್ತು ಲಕ್ಷ! ಈ ರಫ್ತಿನಲ್ಲಿ ಅರ್ಧದಷ್ಟು ಔಷಧ ಮತ್ತು ರಾಸಾಯನಿಕ. ಅವುಗಳ ತವರು ರೈನ್ ದಂಡೆಯ ಬಾಸೆಲ್. ಹೆಸರಾಂತ ಕೈಗಡಿಯಾರಗಳ ಪಾಲು ಹತ್ತರಲ್ಲಿ ಒಂದಕ್ಕೂ ಕಡಿಮೆ. ಚಿಕ್ಕಮಗಳೂರಿನ ಕೇಳುಗರು ಹುಬ್ಬೇರಿಸುವ ಸಂಗತಿ ಬೇರೆಯೇ ಇದೆ. ಕಾಫಿ ತೋಟವೇ ಇಲ್ಲದ ಈ ನಾಡು ಚಾಕೊಲೇಟಿಗಿಂತ, ಚೀಸಿಗಿಂತ ಹೆಚ್ಚು ಹಣವನ್ನು ಕಾಫಿಯ ರಫ್ತಿನಿಂದ ಗಳಿಸುತ್ತದೆ. ಹಸಿ ಬೀಜ ತರಿಸಿ, ಹುರಿದು, ಪುಡಿ ಮಾಡಿ, ಪುಟ್ಟ ಅಲ್ಯುಮಿನಿಯಂ ಡಬ್ಬಿಗೆ ತುಂಬಿ ಮುಚ್ಚುತ್ತಾರೆ, ಅಷ್ಟೆ. ಇದೂ ಮಜೂರಿಯೇ. ಆದರೆ ಬೀಜ ಬೆಳೆದವನ ಕಣ್ಣಿಗೆ ನೀರು ತರಿಸುವಂಥ ಮಜೂರಿ.

2025ರ ಆಗಸ್ಟ್ 1, ಸ್ವಿಸ್ ರಾಷ್ಟ್ರೀಯ ದಿನ. ಪಟಾಕಿ ಹೊಡೆಯಲು ಎದ್ದವರಿಗೆ ಕಾದಿದ್ದ ಸುದ್ದಿ, ಅಮೆರಿಕ ಹೇರಿದ ಶೇಕಡ 39 ಸುಂಕ. ಔಷಧಕ್ಕೆ ಆಗ ವಿನಾಯಿತಿ ಇತ್ತು. ವಾರದೊಳಗೆ ಅಮೆರಿಕದ ಕಸ್ಟಮ್ಸ್ ಇಲಾಖೆಯ ಒಂದು ಕಾಗದ ಹೊರಬಿತ್ತು: ಕಿಲೋ ತೂಕದ ಚಿನ್ನದ ಗಟ್ಟಿಗೂ ಸುಂಕ ಉಂಟು ಎಂದು. ನ್ಯೂಯಾರ್ಕಿನ ಪೇಟೆ ಗಲಿಬಿಲಿಗೊಂಡಿತು. ಆಗಸ್ಟ್ 11ರಂದು ಅಧ್ಯಕ್ಷ ಟ್ರಂಪ್ ಅವರೇ ಚಿನ್ನಕ್ಕೆ ಸುಂಕವಿಲ್ಲ ಎಂದರು. ನವೆಂಬರಿನಲ್ಲಿ 15ಕ್ಕೆ ಇಳಿಸುವ ಒಪ್ಪಂದವಾಗುವವರೆಗೆ ಕೈಗಡಿಯಾರವೂ ಚೀಸೂ 39ರಷ್ಟು ತೆತ್ತವು; ಚಿನ್ನದ ಗಟ್ಟಿ ಮಾತ್ರ ಆರಾಮವಾಗಿ ವಿಮಾನ ಹತ್ತಿತು.