ನಿಮ್ಮ ಮನೆಗೆ ಎಷ್ಟು ಕಿಟಕಿ?

ಅಧ್ಯಕ್ಷರೇ, ಗ್ರಂಥಾಲಯದ ಗೆಳೆಯರೇ, ಬೇಗ ಎದ್ದು ಹೋಗಲು ಅನುಕೂಲವಾಗುವಂತೆ ಬಾಗಿಲ ಪಕ್ಕದಲ್ಲೇ ಜಾಗ ಹಿಡಿದಿರುವ ಜಾಣ ವಿದ್ಯಾರ್ಥಿಗಳೇ,

ಮಾತು ಶುರುಮಾಡುವ ಮೊದಲು ಒಂದು ಕೆಲಸ ಕೊಡುತ್ತೇನೆ. ನೀವು ಹುಟ್ಟಿ ಬೆಳೆದ ಮನೆಗೆ ಎಷ್ಟು ಕಿಟಕಿಗಳಿದ್ದವು? ಈಗಲೇ ಹೇಳಬೇಡಿ, ಎಣಿಸಿ ಇಟ್ಟುಕೊಳ್ಳಿ. ಕೊನೆಯಲ್ಲಿ ಕೇಳುತ್ತೇನೆ. ಮೇಷ್ಟ್ರುಗಿರಿ ಬಿಟ್ಟು ಆರು ವರ್ಷವಾದರೂ ಮನೆಗೆಲಸ ಕೊಡುವ ಚಟ ಹೋಗಿಲ್ಲ.

ಇವತ್ತಿನ ವಿಷಯ ಮಿದುಳು ಮತ್ತು ನೆನಪು. ಇದು ನಾನೇ ಕೇಳಿ ಪಡೆದದ್ದು. ಹೋದ ತಿಂಗಳು ಮೊಮ್ಮಗಳ ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ. ಒಬ್ಬರು ಎದ್ದು, "ಕೈಯಲ್ಲಿ ಮೊಬೈಲ್ ಇರುವಾಗ ಮಕ್ಕಳಿಗೆ ಮಗ್ಗಿ ಏಕೆ?" ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಹಾಗಾಗಿ ಇವತ್ತು ಮಿದುಳಿನ ನಕ್ಷೆ, ಅದರ ಅರ್ಥ, ಅದರ ವಿಸ್ತಾರ ಎಂದು ಮೂರು ಭಾಗ ಮಾಡಿಕೊಂಡು ಬಂದಿದ್ದರೂ ಒಳಗೆ ಕುದಿಯುತ್ತಿರುವುದು ಮಗ್ಗಿಯೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯ ಇರುವುದು ನಿಮಗೆ ಗೊತ್ತು. ಒಮ್ಮೆ ಒಂಬತ್ತನೇ ತರಗತಿಯವರನ್ನು ಕರೆದುಕೊಂಡು ಹೋಗಿದ್ದೆ. ಕೈಗವಸು ತೊಟ್ಟು ನಿಜವಾದ ಮನುಷ್ಯನ ಮಿದುಳನ್ನು ಹಿಡಿದು ನೋಡಬಹುದು. ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾದದ್ದು, ಒದ್ದೆ ರಬ್ಬರಿನ ಹಾಗೆ. ಅಂಗೈ ಮೇಲೆ ಇಟ್ಟ ಕೂಡಲೇ ಎಲ್ಲರ ಗಲಾಟೆಯೂ ನಿಂತಿತು. ಒಬ್ಬ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇದರಲ್ಲಿ ಇವರ ಊರು ಎಲ್ಲಿತ್ತು?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲ ಮೇಷ್ಟ್ರುಗಳ ಹಾಗೆ, "ಒಳ್ಳೆಯ ಪ್ರಶ್ನೆ" ಎಂದು ಮುಂದಿನ ಕಪಾಟಿಗೆ ನಡೆದೆ.

ನಕ್ಷೆಗಳೇನೋ ಬೇಕಾದಷ್ಟಿವೆ. 1909ರಲ್ಲಿ ಜರ್ಮನಿಯ ಬ್ರಾಡ್‌ಮನ್ ಸೂಕ್ಷ್ಮದರ್ಶಕದಲ್ಲಿ ಮಿದುಳಿನ ಹೊರಪದರ ನೋಡಿ, ಕೋಶಗಳ ಜೋಡಣೆ ಬದಲಾದಲ್ಲೆಲ್ಲ ಗಡಿ ಎಳೆದು, 52ರವರೆಗೆ ನಂಬರು ಹಾಕಿದ. ನರವೈದ್ಯರು ಇವತ್ತಿಗೂ ಅದೇ ನಂಬರು ಹೇಳುತ್ತಾರೆ. ಥೇಟ್ ನಮ್ಮ ಸರ್ವೆ ನಂಬರು: ಹೊಲದ ಎಲ್ಲೆ ತಿಳಿಯುತ್ತದೆ, ಬೆಳೆದದ್ದು ರಾಗಿಯೋ ಜೋಳವೋ ತಿಳಿಯುವುದಿಲ್ಲ. 302 ನರಕೋಶಗಳ ಒಂದು ಪುಟ್ಟ ಹುಳುವಿನ ಪೂರ್ತಿ ತಂತಿಜಾಲದ ನಕ್ಷೆ 1986ರಲ್ಲೇ ಪ್ರಕಟವಾಯಿತು. 2024ರಲ್ಲಿ ಹಣ್ಣಿನ ನೊಣದ್ದೂ ಆಯಿತು, ಸುಮಾರು 1,39,000 ನರಕೋಶಗಳು. ನಮ್ಮದು 8,600 ಕೋಟಿ. ಅದನ್ನು ಎಣಿಸಿದ್ದು ಹೇಗೆ ಎನ್ನುತ್ತೀರಿ? ಮಿದುಳನ್ನು ಕರಗಿಸಿ, ಸಾರು ಮಾಡಿ, ಒಂದು ಹನಿಯಲ್ಲಿ ಎಷ್ಟು ಕೋಶಕೇಂದ್ರಗಳಿವೆ ನೋಡಿ ಗುಣಿಸಿದರು. ಗುಣಾಕಾರ! ಮಗ್ಗಿ!

ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಒಂದು ಅನಾಹುತದಿಂದ. ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳರ ಯುವಕ. ಮೂರ್ಛೆರೋಗ ವಿಪರೀತವಾಗಿ ಕೆಲಸ ಬಿಟ್ಟು ಕೂತಿದ್ದವನು. 1953ರಲ್ಲಿ ಶಸ್ತ್ರವೈದ್ಯ ಸ್ಕೋವಿಲ್ ಅವನ ಮಿದುಳಿನ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನೂ ಸುತ್ತಲಿನದನ್ನೂ ತೆಗೆದುಹಾಕಿದರು. ಕಿವಿಗಳ ನೇರಕ್ಕೆ, ಒಳಗೆ, ಕಡಲಕುದುರೆಯ ಆಕಾರದಲ್ಲಿ ಸುರುಳಿ ಸುತ್ತಿಕೊಂಡಿರುವ ಭಾಗ ಅದು. ಮೂರ್ಛೆ ತಗ್ಗಿತು. ಹೊಸ ನೆನಪು ಮಾತ್ರ ನಿಲ್ಲದಾಯಿತು. ಬಾಲ್ಯದ ಊರು ಗೊತ್ತು, ಬೆಳಿಗ್ಗೆ ತಿಂದ ತಿಂಡಿ ಗೊತ್ತಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ವರ್ಷಗಟ್ಟಲೆ ಅವನನ್ನು ಪರೀಕ್ಷಿಸಿದರು. ಪ್ರತಿ ಸಲವೂ ಹೊಸ ಪರಿಚಯ, ಹೊಸ ನಮಸ್ಕಾರ.

ಮಿಲ್ನರ್ ಒಂದು ದಿನ ಅವನ ಮುಂದೆ ಕಾಗದ ಇಟ್ಟರು. ಅದರ ಮೇಲೆ ನಕ್ಷತ್ರ, ಎರಡು ಗೆರೆಯದು, ಒಂದರೊಳಗೆ ಒಂದು. ಆ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಆದರೆ ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ನೋಡಿಯೇ ಬರೆಯಬೇಕು. ಮನೆಗೆ ಹೋಗಿ ನೀವೂ ಮಾಡಿ ನೋಡಿ. ನಾನು ಮಾಡಿದೆ. ಮೂಲೆ ಬಂದಾಗ ಕೈ ಕಲ್ಲಾಗುತ್ತದೆ, ಮೇಲಕ್ಕೆ ಎಂದರೆ ಕೆಳಕ್ಕೆ ಹೋಗುತ್ತದೆ. ನನ್ನ ನಕ್ಷತ್ರ ನೋಡಿ ಮನೆಯವರು, "ಏನಿದು, ಜೇಡರ ಹುಳುವೇ?" ಎಂದರು. ಹೆನ್ರಿಯದೂ ಮೊದಲು ಹಾಗೆಯೇ ಇತ್ತು. ದಿನಕ್ಕೆ ಹತ್ತು ಸಲದಂತೆ ಮೂರು ದಿನ ಬರೆಸಿದರು. ಮೂರನೆಯ ದಿನ ಗೆರೆ ಸಲೀಸಾಗಿ ಓಡಿತು. ಹಿಂದೆ ಇದನ್ನು ಮಾಡಿದ್ದೇ ಅವನಿಗೆ ನೆನಪಿಲ್ಲ. ಕಷ್ಟವಾದೀತು ಅಂದುಕೊಂಡಿದ್ದೆ, ಪರವಾಗಿಲ್ಲ, ಚೆನ್ನಾಗಿಯೇ ಬಂತಲ್ಲ ಎಂದು ತನ್ನ ಕೈಗೆ ತಾನೇ ಆಶ್ಚರ್ಯಪಟ್ಟನಂತೆ.

ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು. ರೊಟ್ಟಿ ಬಡಿಯುವ ಕೈಯನ್ನು ನೋಡಿದವರಿಗೆ ಇದು ಹೊಸದಲ್ಲ. ನೆನಪು ಒಂದೇ ಉಗ್ರಾಣವಲ್ಲ, ಹಲವು ಕಸುಬುಗಳು ಎಂಬುದು ಪ್ರಯೋಗದಲ್ಲಿ ಕಂಡದ್ದು ಹೀಗೆ. ಅವನು 2008ರಲ್ಲಿ ತೀರಿಕೊಂಡ. ಅಲ್ಲಿಯವರೆಗೆ ಜಗತ್ತಿಗೆ ಅವನು ಎಚ್.ಎಂ. ಎಂಬ ಎರಡಕ್ಷರ ಮಾತ್ರ. ಆಮೇಲೆ ಅವನ ಮಿದುಳನ್ನು ಹೆಪ್ಪುಗಟ್ಟಿಸಿ 2,401 ತೆಳುಪದರಗಳಾಗಿ ಸೀಳಿ ಇಟ್ಟಿದ್ದಾರೆ. ಪಾಪ, ಅವನಷ್ಟು ನೆನಪಿನಲ್ಲಿ ಉಳಿದ ರೋಗಿ ಇನ್ನೊಬ್ಬನಿಲ್ಲ.

ಈಗ ಲಂಡನ್ನಿಗೆ ಬನ್ನಿ. ಅಲ್ಲಿ ಕಪ್ಪು ಟ್ಯಾಕ್ಸಿ ಓಡಿಸಲು ಪರವಾನಗಿ ಬೇಕಾದರೆ ನಗರದ ನಡುವಿನ ಚೇರಿಂಗ್ ಕ್ರಾಸ್‌ನಿಂದ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳನ್ನು ಕಲಿಯಬೇಕು. ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಮೊಪೆಡ್ಡಿನ ಹ್ಯಾಂಡಲ್ಲಿಗೆ ನಕ್ಷೆ ಸಿಕ್ಕಿಸಿಕೊಂಡು ಮಳೆಯಲ್ಲಿ ಬೀದಿ ಬೀದಿ ಸುತ್ತುತ್ತಾರೆ. ಆಮೇಲೆ ಪರೀಕ್ಷಕರ ಮುಂದೆ ಕೂತು, ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯನ್ನು ಎಡ, ಬಲ, ವೃತ್ತ ಎಂದು ಬಾಯಲ್ಲಿ ಒಪ್ಪಿಸುತ್ತಾರೆ. ಗಮನಿಸಿ, ಒಪ್ಪಿಸುತ್ತಾರೆ! ಬಾಯಿಪಾಠ! ಎಲೀನರ್ ಮಗ್ವೈರ್ ಎಂಬ ವಿಜ್ಞಾನಿ 2000ದಲ್ಲಿ ಇಂಥ 16 ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರೆ ಅದೇ ಕಡಲಕುದುರೆಯ ಹಿಂಭಾಗ ಇತರರಿಗಿಂತ ದೊಡ್ಡದು. ದೊಡ್ಡದಿದ್ದವರೇ ಚಾಲಕರಾದರೋ, ಚಾಲಕರಾಗಿ ದೊಡ್ಡದಾಯಿತೋ? 2011ರಲ್ಲಿ ಅದಕ್ಕೂ ಉತ್ತರ ಬಂತು. ಕಲಿಕೆಗೆ ಮೊದಲೂ ಆಮೇಲೂ ಅಳೆದರು. ಪಾಸಾದ 39 ಮಂದಿಯಲ್ಲಿ ಬೆಳೆದಿತ್ತು, ಪಾಸಾಗದವರಲ್ಲಿ ಇಲ್ಲ.

ಇದನ್ನು ಆ ಪೋಷಕರ ಸಭೆಯಲ್ಲಿ ಹೇಳಬೇಕಿತ್ತು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಪಾಸಾದವರು ಬೇರೊಂದು ಪರೀಕ್ಷೆಯಲ್ಲಿ, ಸಂಕೀರ್ಣ ಚಿತ್ರವೊಂದನ್ನು ಸ್ವಲ್ಪ ಹೊತ್ತಿನ ನಂತರ ನೆನಪಿನಿಂದ ಬರೆಯುವುದರಲ್ಲಿ, ಹಿಂದೆ ಬಿದ್ದರು. ಅಂದರೆ ಪುಕ್ಕಟೆ ಏನೂ ಇಲ್ಲ. ಮಗ್ಗಿಯೂ ಏನನ್ನೋ ಕಿತ್ತುಕೊಂಡಿರಬಹುದು, ನನಗೆ ಹಾಡು ಬರದಿರುವುದಕ್ಕೆ ಅದೇ ಕಾರಣ ಎಂದು ಮನೆಯವರಿಗೆ ಹೇಳುತ್ತಿರುತ್ತೇನೆ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ: "ಐದು ನಿಮಿಷ." ನೋಡಿ, ಸಮಯದ ನೆನಪು ನನ್ನ ತಲೆಯೊಳಗೆ ಇರಲಿಲ್ಲ, ಈ ಚೀಟಿಯಲ್ಲಿತ್ತು. 1998ರಲ್ಲಿ ಕ್ಲಾರ್ಕ್ ಮತ್ತು ಚಾಮರ್ಸ್ ಎಂಬ ಇಬ್ಬರು ತತ್ತ್ವಶಾಸ್ತ್ರಜ್ಞರು ವಾದಿಸಿದ್ದು ಇದನ್ನೇ. ಮರೆವಿನ ಮುದುಕನೊಬ್ಬ ಸದಾ ಜೇಬಿನಲ್ಲಿಟ್ಟುಕೊಂಡು ನೋಡುವ ಟಿಪ್ಪಣಿಪುಸ್ತಕವೂ ಅವನ ಮನಸ್ಸಿನ ಭಾಗವೇ ಎಂದರು. ಒಪ್ಪುತ್ತೇನೆ, ಮೊಬೈಲನ್ನೂ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಆ ಪುಸ್ತಕಕ್ಕೆ ಬರೆದವನು ಆ ಮುದುಕನೇ.

ನೆನಪಿನಲ್ಲೇ ಪದ್ಯ ಕಟ್ಟಿ ಒಪ್ಪಿಸುವ ಅವಧಾನ ಕಲೆಯ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದಿದ್ದೆ. ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು; ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಒಬ್ಬರು ಸಮಸ್ಯೆ ಒಡ್ಡುತ್ತಾರೆ, ಮತ್ತೊಬ್ಬರು ನಡುವೆ ಅಪ್ರಸ್ತುತ ಪ್ರಸಂಗ ಎತ್ತಿ ಅಡ್ಡಗಾಲು ಹಾಕುತ್ತಾರೆ. ಅವಧಾನಿಯ ಕೈಯಲ್ಲಿ ಚೀಟಿ ಇಲ್ಲ. ನೀವೆಲ್ಲ ನೋಡಿದ್ದೀರಿ, ಬಿಡುತ್ತೇನೆ. ಮೂರನೆಯ ಭಾಗವೂ ಅಷ್ಟೇ, ಬಿಟ್ಟಂತೆಯೇ.

ಕಿಟಕಿ. ಯಾರು ಯಾರು ಎಣಿಸಿದಿರಿ? ಎಣಿಸುವಾಗ ಪಟ್ಟಿ ಓದಿದಂತೆ ಓದಲಿಲ್ಲ, ತಾನೇ? ಹೊಸ್ತಿಲು ದಾಟಿ, ಪಡಸಾಲೆ ಹಾದು, ಅಡುಗೆಮನೆಯ ಹೊಗೆಗೂಡಿನ ಕೆಳಗೆ ನಿಂತು ಎಣಿಸಿದಿರಿ. ಕೆಲವರ ಬೆರಳು ಅಲ್ಲಾಡಿದ್ದನ್ನು ಇಲ್ಲಿಂದಲೇ ನೋಡಿದೆ. ಆ ನಡಿಗೆಯಲ್ಲಿ ಕಡಲಕುದುರೆಗೂ ಪಾಲಿದೆ. ಅಲ್ಲಿ ಇಂತಿಂಥ ಜಾಗಕ್ಕೆ ಇಂತಿಂಥ ಕೋಶ ಮಿಡಿಯುವುದನ್ನು ಓಕೀಫ್ 1971ರಲ್ಲಿ ಇಲಿಗಳಲ್ಲಿ ಕಂಡು, 2014ರಲ್ಲಿ ನೊಬೆಲ್ ಹಂಚಿಕೊಂಡರು. ಆ ಹುಡುಗ ಎಲ್ಲಿದ್ದಾನೋ, ಸಿಕ್ಕಿದರೆ ಇಷ್ಟಾದರೂ ಹೇಳಬಹುದು.

ನೀವು ಹೇಳಿ, ರಾಯರೇ. ಏಳು? ನಿಮ್ಮ ಪಕ್ಕದಲ್ಲಿರುವವರು ತಮ್ಮನವರಲ್ಲವೇ, ಅವರು ಒಂಬತ್ತು ಎನ್ನುತ್ತಿದ್ದಾರೆ. ಒಂದೇ ಮನೆ! ಇಲ್ಲ ಇಲ್ಲ, ಇಲ್ಲಿ ಬೇಡ, ಹೊರಗೆ ಚಹಾ ಬಂದಿದೆಯಂತೆ, ಅಲ್ಲಿ ಬಗೆಹರಿಸಿಕೊಳ್ಳಿ.