ಒಂದು ಸ್ಕ್ಯಾನು, ನೂರು ತೀರ್ಪು

ನಮಸ್ಕಾರ, ಬನ್ನಿ, ಕೂತ್ಕೊಳ್ಳಿ. ಇವತ್ತು ನಿದ್ದೆ ಬಗ್ಗೆ ಎಪಿಸೋಡ್ ಇತ್ತು. ಸ್ಕ್ರಿಪ್ಟ್ ರೆಡಿ ಆಗಿತ್ತು, ನನ್ನ ಪ್ರಕಾರ ಚೆನ್ನಾಗೂ ಇತ್ತು. ಅದನ್ನ ಪಕ್ಕಕ್ಕಿಟ್ಟೆ. ಯಾಕಂದ್ರೆ ನಿನ್ನೆ ರಾತ್ರಿ ಹೋದ ವಾರದ ವಿಡಿಯೋ ಕೆಳಗೆ ಒಂದು ಕಾಮೆಂಟ್ ನೋಡಿದೆ, ಅದಕ್ಕೆ ಬಂದಿದ್ದ ಉತ್ತರಗಳನ್ನೂ ನೋಡಿದೆ. ಆಮೇಲೆ ನಿದ್ದೆ ನನಗೇ ಬರಲಿಲ್ಲ.

ಓದ್ತೀನಿ ಕೇಳಿ. "ಅಕ್ಕಾ, ನನ್ನ ಲೆಕ್ಕದಲ್ಲಿ 8 ವಾರ ಆಗಿದೆ. ಸ್ಕ್ಯಾನ್‌ನಲ್ಲಿ 6 ವಾರ 5 ದಿನ ಅಂತ ಬಂದಿದೆ. ಹಾರ್ಟ್‌ಬೀಟ್ ಇದೆ ಅಂದ್ರು, ಎರಡು ವಾರ ಬಿಟ್ಟು ಬನ್ನಿ ಅಂದ್ರು. ಮಗು ಬೆಳೀತಿಲ್ವಾ ಅಕ್ಕಾ?"

ಅಷ್ಟೇ ಆಕೆ ಕೇಳಿದ್ದು. ಕೆಳಗೆ ಒಬ್ಬರು ಕೈಮುಗಿದ ಚಿತ್ರ ಹಾಕಿ, "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸಿಸ್ಟರ್" ಅಂತಾರೆ. ಇನ್ನೊಬ್ಬರು, "ನಮ್ಮ ಪರಿಚಯದವರಿಗೂ ಹೀಗೇ ಆಗಿತ್ತು, ಹೋಯ್ತು." ಮೂರನೆಯವರು, "ಚೆನ್ನಾಗಿ ತಿನ್ನಿ, ಮಗು ದಪ್ಪ ಆಗುತ್ತೆ." ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ಕಣ್ರೀ ನೀವು! ಎತ್ತು ಹೆಂಗ್ರೀ ಈಯುತ್ತೆ ಅಂತ ಒಬ್ಬರಾದ್ರೂ ಕೇಳಬಾರದಾ?

ನಾನು ಡಾಕ್ಟರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದರೆ ಎರಡು ಸಲ ಆ ಮಂಚದ ಮೇಲೆ ಮಲಗಿ, ಪರದೆಯಲ್ಲಿ ನನ್ನದೇ ಹೊಟ್ಟೆಯ ಬೂದು ಮಬ್ಬನ್ನ ನೋಡಿದವಳು. ನನಗೆ ಹೇಳೋಕಿರೋದು ಒಂದೇ ಮಾತು. ಒಂದು ಅಳತೆ ಬೆಳವಣಿಗೆ ಅಲ್ಲ. ಬೆಳವಣಿಗೆ ಗೊತ್ತಾಗಬೇಕು ಅಂದ್ರೆ ಎರಡು ಅಳತೆ ಬೇಕು, ನಡುವೆ ದಿನಗಳು ಬೇಕು. ನಿಂತ ಬಸ್ಸಿನ ಫೋಟೋ, ಓಡೋ ಬಸ್ಸಿನ ಫೋಟೋ, ಎರಡೂ ನೋಡೋಕೆ ಒಂದೇ ಥರ.

ಈಗ ಆ "8 ವಾರ" ಎಲ್ಲಿಂದ ಬಂತು ನೋಡಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ್ದು. ಅಂದ್ರೆ ಮೊದಲ ಎರಡು ವಾರ ಹೊಟ್ಟೆಯಲ್ಲಿ ಯಾರೂ ಇಲ್ಲ, ಖಾಲಿ ಮನೆಗೆ ಬಾಡಿಗೆ ಲೆಕ್ಕ. ಎಲ್ಲರಿಗೂ 28 ದಿನಕ್ಕೊಮ್ಮೆ ಮುಟ್ಟು, 14ನೇ ದಿನ ಅಂಡ ಬಿಡುಗಡೆ, ಇದು ಆ ಲೆಕ್ಕದ ಕಲ್ಪನೆ. ಹೆಂಗಸರ ದೇಹ ಏನು ರೈಲ್ವೆ ಟೈಮ್‌ಟೇಬಲ್ಲಾ? 35 ದಿನದ ಚಕ್ರ ಇರೋಳಿಗೆ ಅಂಡ ಬಿಡೋದೇ ಹೆಚ್ಚುಕಮ್ಮಿ 21ನೇ ದಿನ. ಲೆಕ್ಕದಲ್ಲಿ 8 ವಾರ ಇದ್ದರೆ ಸ್ಕ್ಯಾನ್‌ನಲ್ಲಿ 7 ಬರುತ್ತೆ, ಬರಲೇಬೇಕು. ಆ ಮಗು ಹಿಂದೆ ಬಿದ್ದಿಲ್ಲ, ತಡವಾಗಿ ಹೊರಟಿದೆ ಅಷ್ಟೆ.

"ಇಲ್ಲ, ನಂದು ಕರೆಕ್ಟಾಗಿ 28, ಆ್ಯಪ್‌ನಲ್ಲಿದೆ" ಅಂತ ಈಗ ಯಾರೋ ಟೈಪ್ ಮಾಡ್ತಿರ್ತೀರಿ, ಗೊತ್ತು. ಆ್ಯಪ್ ನಿಮ್ಮ ಅಂಡಾಶಯದೊಳಗೆ ಕೂತು ನೋಡಿದೆಯಾ? 2000ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಗರ್ಭ ನಿಲ್ಲೋ ದಿನಗಳು ಪೂರ್ತಿಯಾಗಿ ಪುಸ್ತಕದ ಲೆಕ್ಕದಂತೆ ಚಕ್ರದ 10ರಿಂದ 17ನೇ ದಿನದೊಳಗೆ ಬಿದ್ದಿದ್ದು ಸುಮಾರು ನೂರಕ್ಕೆ 30 ಹೆಂಗಸರಿಗೆ ಮಾತ್ರ. ಮುಟ್ಟು ಸರಿಯಾಗಿ ಬರೋರಲ್ಲೂ ದಿನ ಆಚೀಚೆ ಆಗುತ್ತೆ.

ಇನ್ನು ಆ "6 ವಾರ 5 ದಿನ". ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ತಾಳ್ಮೆ ಇರಲಿ. ಸ್ಕ್ಯಾನ್ ಮಾಡೋರು ಪರದೆ ಮೇಲೆ ಎರಡು ಪುಟ್ಟ ಪ್ಲಸ್ ಗುರುತು ಹಾಕ್ತಾರೆ, ಒಂದು ತಲೆ ಕಡೆ, ಒಂದು ಕೆಳತುದಿಗೆ. ನಡುವಿನ ಉದ್ದಕ್ಕೆ ಸಿಆರ್‌ಎಲ್ ಅಂತ ಹೆಸರು. ಮಷೀನ್ ಅಳೆಯೋದು ಮಿಲಿಮೀಟರ್. ವಾರ, ದಿನ ಎಲ್ಲ ಒಳಗಿರೋ ಕೋಷ್ಟಕ ನೋಡಿ ಅದು ಹೇಳೋದು. ಆ ಹೊತ್ತಲ್ಲಿ ಭ್ರೂಣ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ. ಅಂದ್ರೆ ಪ್ಲಸ್ ಗುರುತು ಒಂದು ಮಿಲಿಮೀಟರ್ ಈಚೆ ಬಿದ್ದರೆ ನಿಮ್ಮ ಮಗು ಒಂದು ದಿನ ಚಿಕ್ಕದು! ಭ್ರೂಣ ಸ್ವಲ್ಪ ಮುದುರಿತ್ತಾ, ಇನ್ನೊಂದು ದಿನ ಹೋಯ್ತು. ಪಕ್ಕದ ಯೋಕ್ ಸ್ಯಾಕ್, ಅಂದ್ರೆ ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡೋ ಪುಟ್ಟ ಚೀಲ, ಅದನ್ನೂ ಸೇರಿಸಿ ಅಳೆದುಬಿಟ್ರಾ, ನಿಂತ ನಿಲುವಲ್ಲೇ ದೊಡ್ಡದಾಯ್ತು.

ನಾನು ಏನ್ ಮಾಡಿದ್ದೆ ಗೊತ್ತಾ? ಮನೆಗೆ ಬಂದು ಕಂಪಾಸ್ ಬಾಕ್ಸಿಂದ ಸ್ಕೇಲ್ ತೆಗೆದು, ನನ್ನ ರಿಪೋರ್ಟ್‌ನಲ್ಲಿದ್ದ 4 ಮಿಲಿಮೀಟರ್ ಎಷ್ಟು ಅಂತ ನೋಡಿದೆ. ಹೆಬ್ಬೆರಳ ಉಗುರು ಇಟ್ಟರೆ ಪೂರ್ತಿ ಮುಚ್ಚಿಹೋಯ್ತು. ಅಷ್ಟಗಲದ ಜಾಗಕ್ಕೆ ನಾನು ಇಡೀ ರಾತ್ರಿ ಅತ್ತಿದ್ದೆ.

ಅದಕ್ಕೇ ಹೇಳೋದು, ಎರಡು ಅಳತೆ. ಎರಡು!

ಇನ್ನೂ ಒಂದು ಮಜಾ ಇದೆ. ಈ ಅಳತೆ ಬಂದಿದ್ದೇ ಮಗು ಚಿಕ್ಕದೋ ದೊಡ್ಡದೋ ಹೇಳೋಕಲ್ಲ. 1973ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಡಾಕ್ಟರ್ ಹ್ಯೂ ರಾಬಿನ್ಸನ್ ಇದನ್ನ ಪ್ರಕಟಿಸಿದ್ದು ಗರ್ಭದ ವಯಸ್ಸು ಕಂಡುಹಿಡಿಯೋಕೆ. ಮೊದಲ ವಾರಗಳಲ್ಲಿ ಒಂದೇ ವಯಸ್ಸಿನ ಭ್ರೂಣಗಳು ಹೆಚ್ಚುಕಮ್ಮಿ ಒಂದೇ ಉದ್ದ ಇರ್ತವೆ, ಅದಕ್ಕೇ ಉದ್ದದಿಂದ ವಯಸ್ಸು ಹೇಳಬಹುದು. ಹಾಗಾಗಿ 9 ವಾರದೊಳಗಿನ ಸ್ಕ್ಯಾನಿಗೂ ಮುಟ್ಟಿನ ಲೆಕ್ಕಕ್ಕೂ 5 ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಸ್ಕ್ಯಾನಿನ ತಾರೀಖೇ ಹಿಡೀರಿ ಅನ್ನುತ್ತೆ ಅಮೆರಿಕದ ಪ್ರಸೂತಿ ತಜ್ಞರ ಸಂಘ. ತಿದ್ದಿಕೊಳ್ಳೋದು ತಾರೀಖು. ಮಗುವನ್ನಲ್ಲ! "ಅಪ್ಪ ಅಮ್ಮ ಇಬ್ಬರೂ ಕುಳ್ಳಗಿದೀವಿ, ಅದಕ್ಕೇ ಇರಬೇಕು" ಅನ್ನೋ ಸಮಾಧಾನದವರೂ ಸ್ವಲ್ಪ ಸುಮ್ಮನಿರಿ. 7 ಮಿಲಿಮೀಟರಿಗೆ ಕುಳ್ಳು ಏನು, ಉದ್ದ ಏನು? ತಿಂದು ದಪ್ಪ ಮಾಡಿ ಅಂದವರಿಗೆ ಉತ್ತರ ಕೊಡಲ್ಲ, ಹೋಗಿ.

(ನೀರು ಕುಡಿಯೋ ಗ್ಯಾಪ್. ಸಬ್‌ಸ್ಕ್ರೈಬ್ ಮಾಡದೆ ನೋಡ್ತಿರೋರು ಇದೇ ಗ್ಯಾಪಲ್ಲಿ ಮಾಡಿಬಿಡಿ. ಪುಕ್ಕಟೆ.)

ಐವಿಎಫ್‌ನವರು, ಅಂದ್ರೆ ಲ್ಯಾಬಲ್ಲಿ ಭ್ರೂಣ ಮಾಡಿಸಿ ಹೊಟ್ಟೆಗೆ ಹಾಕಿಸಿಕೊಂಡವರು, ಆಗಲೇ ಕೈ ಎತ್ತಿದೀರಿ, ಕಾಣ್ತಿದೆ. ಸರಿ, ಒಪ್ಪಿದೆ. ನಿಮ್ಮ ದಿನ ಪಕ್ಕಾ ಗೊತ್ತು, ತಾರೀಖು ತಪ್ಪಿರಬೇಕು ಅನ್ನೋ ನೆಪ ನಿಮಗೆ ನಡೆಯಲ್ಲ. ಹಂಗೇ, ಟೆಸ್ಟ್ ಕಡ್ಡಿಯಲ್ಲಿ ಬೇಗನೇ ಎರಡು ಗೆರೆ ಬಂದವರಿಗೂ ಲೆಕ್ಕವನ್ನ ಎರಡು ವಾರ ಎಳೆಯೋಕಾಗಲ್ಲ. ಯಾಕಂದ್ರೆ ಅಂಡ ಬಿಟ್ಟಮೇಲೆ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳೋಕೇ 6ರಿಂದ 12 ದಿನ ಬೇಕು, ಗೆರೆ ಬರೋದು ಅದಾದ ಮೇಲೇ. ಪಾಸಿಟಿವ್ ಬಂದ ತಾರೀಖು ಡಾಕ್ಟರಿಗೆ ಹೇಳಿ, ಅವರ ಲೆಕ್ಕಕ್ಕೆ ಬೇಕಾಗುತ್ತೆ. ದಿನ ಗ್ಯಾರಂಟಿ ಗೊತ್ತಿದ್ದೂ ಅಳತೆ ಹಿಂದಿದ್ರೆ ಅದು ಚಿಂತೆ ಮಾಡೋ ವಿಷಯವೇ, ಸುಳ್ಳು ಹೇಳಲ್ಲ. ಆದರೂ ಡಾಕ್ಟರ್ ಏನಂತಾರೆ? ಇನ್ನೊಂದು ಸ್ಕ್ಯಾನ್ ಮಾಡೋಣ ಅಂತಾರೆ. ಅಂದ್ರೆ? ಎರಡು ಅಳತೆ!

"ಡಾಕ್ಟರ್‌ಗಳೆಲ್ಲ ಹಿಂಗೇ, ಅಡ್ಡಗೋಡೆ ಮೇಲೆ ದೀಪ ಇಡ್ತಾರೆ" ಅನ್ನೋರು ಇದನ್ನ ಕೇಳಿ. ಹೃದಯಬಡಿತ ಕಾಣದಿದ್ದರೆ ಗರ್ಭ ಉಳಿದಿಲ್ಲ ಅಂತ ಹೇಳೋಕೆ ಹಿಂದೆ 5 ಮಿಲಿಮೀಟರ್ ಉದ್ದ ಸಾಕು ಅಂತಿದ್ರು. 2013ರಲ್ಲಿ ರೇಡಿಯಾಲಜಿ, ಪ್ರಸೂತಿ ತಜ್ಞರೆಲ್ಲ ಸೇರಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅದನ್ನ 7ಕ್ಕೆ ಏರಿಸಿದರು. ಭ್ರೂಣವೇ ಕಾಣದ ಖಾಲಿ ಗರ್ಭಚೀಲಕ್ಕೆ 25 ಮಿಲಿಮೀಟರ್. ಅದಕ್ಕಿಂತ ಚಿಕ್ಕದಿದ್ದರೆ ತೀರ್ಪು ಇಲ್ಲ, ಕಾಯಬೇಕು. ಜೀವ ಇರೋ ಗರ್ಭಕ್ಕೆ ಅಪ್ಪಿತಪ್ಪಿಯೂ ಇಲ್ಲ ಅಂತ ಬರೆಯಬಾರದು ಅಂತ ಅಷ್ಟು ಓದಿದವರೇ ಎರಡು ಮಿಲಿಮೀಟರ್ ಹಿಂದೆ ಸರಿದಿದ್ದಾರೆ. ನೀವು ಕೈಮುಗಿದ ಚಿತ್ರ ಹಾಕಿ ಮುಗಿಸಿಬಿಟ್ರಿ.

ನನ್ನ ಕಥೆ ಹೇಳ್ತೀನಿ, ಚಿಕ್ಕದಾಗಿ. ಮೊದಲ ಸಲ ಲೆಕ್ಕದಲ್ಲಿ 7 ವಾರ, ರಿಪೋರ್ಟ್‌ನಲ್ಲಿ 4 ಮಿಲಿಮೀಟರ್, 6 ವಾರ 1 ದಿನ. ಹಾರ್ಟ್‌ಬೀಟ್ ಕಾಣಲಿಲ್ಲ. ಹತ್ತು ದಿನ ಬಿಟ್ಟು ಹೋದೆ. 4 ಮಿಲಿಮೀಟರೇ ಇತ್ತು. ಎರಡನೇ ಸಲ, ಮೂರು ವರ್ಷ ಬಿಟ್ಟು, ಬೇರೆ ಕಡೆ, ಬೇರೆ ಡಾಕ್ಟರ್. ಮತ್ತೆ 4 ಮಿಲಿಮೀಟರ್, ಹಾರ್ಟ್‌ಬೀಟ್ ಇಲ್ಲ. ಹತ್ತು ದಿನ. 13 ಮಿಲಿಮೀಟರ್, ಮಧ್ಯೆ ಏನೋ ಪಟಪಟ ಮಿಣುಕ್ತಿತ್ತು. ಎರಡೂ ಸಲದ ಮೊದಲ ರಿಪೋರ್ಟ್ ಒಂದೇ ಕವರಿನಲ್ಲಿಟ್ಟಿದೀನಿ. ತಾರೀಖು ಮುಚ್ಚಿ ತೋರಿಸಿದ್ರೆ ಯಾವುದು ಯಾವ ಸಲದ್ದು ಅಂತ ನನಗೇ ಹೇಳೋಕಾಗಲ್ಲ. ಮೊದಲನೇ ಸಲ ಮುಂಚೆಯೇ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ, ಏನೂ ಉಪಯೋಗ ಆಗಲಿಲ್ಲ, ಅತ್ತಿದ್ದು ಅಷ್ಟೇ ಅತ್ತೆ. ಎರಡನೇ ಸಲವೂ ಗಟ್ಟಿ ಮಾಡ್ಕೊಂಡೆ, ಆ ಹತ್ತು ದಿನ ಸುಮ್ಮನೆ ಸುಟ್ಟುಹೋಯ್ತು.

ಮತ್ತೆ ಈ ತಂಗಿಗೆ ಹಾರ್ಟ್‌ಬೀಟ್ ಕಂಡಿದೆಯಲ್ರೀ! ನನಗೆ ಅದೂ ಇರಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ ಅಂತಾರೆ ಹಿರಿಯರು. ನೀವು ಕುಲಾವಿ ಅಳತೆ ಹಿಡಿದು ಕೂಸಿಗೆ ತಲೆ ಸಾಲಲ್ಲ ಅಂತಿದೀರಿ.

ಒಂದು ಮಾತು ತಮಾಷೆ ಬಿಟ್ಟು. ಜೋರು ರಕ್ತಸ್ರಾವ, ಕಿಬ್ಬೊಟ್ಟೆಯ ಒಂದೇ ಪಕ್ಕ ತಡೆಯಲಾರದ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತಿ ಬೀಳೋ ಹಾಗಾಗೋದು, ಇವುಗಳಲ್ಲಿ ಒಂದು ಬಂದ್ರೂ ಎರಡನೇ ಅಳತೆ ಅಂತ ನನ್ನ ಮಾತು ಹಿಡಿದು ಮನೇಲಿ ಕೂರಬೇಡಿ. ಆಗಿಂದಾಗಲೇ ಆಸ್ಪತ್ರೆಗೆ ಹೋಗಿ.

ಬಾಕಿ ಎಲ್ಲದಕ್ಕೂ? ಎರಡು ಅಳತೆ. "ಆದರೆ ಅಕ್ಕಾ ನನ್ನ ಕೇಸ್‌ನಲ್ಲಿ..." ಎರಡು. "ಗೂಗಲ್‌ನಲ್ಲಿ ನೋಡಿದೆ, ಬೇರೆಯವರಿಗೆ 8 ವಾರಕ್ಕೆ 16 ಮಿಲಿಮೀಟರ್ ಇತ್ತಂತೆ." ಬೇರೆಯವರನ್ನ ಯಾರು ಕೇಳಿದ್ರು? ಎರಡು! ಮಗ್ ಮೇಲೆ ಪ್ರಿಂಟ್ ಹಾಕಿಸಿದೀನಿ, ನೋಡಿ, "ಎರಡು ಅಳತೆ" ಅಂತ. ಹೌದು, ಮಾರಾಟಕ್ಕಿದೆ. ಲಿಂಕ್ ಕೆಳಗಿದೆ, ನಾಚಿಕೆ ಏನಿಲ್ಲ ನನಗೆ.

ಆ ತಂಗಿಗೆ ಉತ್ತರ ಬರೆದು ಪಿನ್ ಮಾಡಿದೀನಿ. ಕೈಮುಗಿದ ಚಿತ್ರದವರನ್ನ ಬ್ಲಾಕ್ ಮಾಡಿದೀನಿ. ಇನ್ನು ಅದರ ಕೆಳಗೆ ಯಾರಾದ್ರೂ ಬರೆಯೋದಿದ್ರೆ ಎರಡು ಸ್ಕ್ಯಾನಿನ ತಾರೀಖು ಹಾಕಿ ಬರೀರಿ, ಒಂದೇ ಇದ್ದರೆ ಬಾಯಿ ಮುಚ್ಕೊಂಡು ಲೈಕ್ ಒತ್ತಿ ಹೋಗಿ. ನಿದ್ದೆ ಎಪಿಸೋಡ್ ಮುಂದಿನ ವಾರ ಬರುತ್ತೆ, ಇವತ್ತು ರಾತ್ರಿ ಮತ್ತೆ ಕಾಮೆಂಟ್ ಓದೋಕೆ ಕೂರಲಿಲ್ಲ ಅಂದ್ರೆ.